ಬರ್ಲಿನ್ನಿನ ಗೋಡೆಯೆದುರು ಪಶ್ಚಿಮದ ಸಂಯಮ: ಪರ-ವಿರೋಧ

1961ನೆಯ ಇಸವಿಯ ಆಗಸ್ಟ್ 13, ಭಾನುವಾರ, ಬೆಳಕು ಹರಿಯುವ ಮುನ್ನವೇ ಪೂರ್ವ ಜರ್ಮನಿಯ ಪೊಲೀಸರು ಬರ್ಲಿನ್ ನಗರದ ನಡುವೆ ಮುಳ್ಳುತಂತಿಯನ್ನು ಎಳೆಯಲಾರಂಭಿಸಿದರು. ಕೆಲವೇ ದಿನಗಳಲ್ಲಿ ತಂತಿಯ ಸ್ಥಾನದಲ್ಲಿ ಗೋಡೆಯೆದ್ದಿತು. ಸೋವಿಯತ್ ಒಕ್ಕೂಟದೊಡನೆ ಆ ನಗರದ ಒಡೆತನದಲ್ಲಿ ಪಾಲುದಾರರಾಗಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳು ಪ್ರತಿಭಟನೆಯ ಪತ್ರ ಬರೆದು ಸುಮ್ಮನಾದುವು. ಆ ಸಂಯಮವು ಉಚಿತವಾಗಿದ್ದಿತೇ?

ಪರ

ಸಂಯಮವನ್ನು ಹೇಡಿತನವೆಂದು ಹೀಗಳೆಯುವ ಮುನ್ನ ಭೂಪಟವನ್ನೊಮ್ಮೆ ನೋಡಬೇಕು. ಎರಡನೆಯ ಮಹಾಯುದ್ಧದಲ್ಲಿ ಗೆದ್ದ ನಾಲ್ಕು ರಾಷ್ಟ್ರಗಳು ಹಂಚಿಕೊಂಡಿದ್ದ ಈ ನಗರವು ಸೋವಿಯತ್ ವಲಯದೊಳಗೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ದ್ವೀಪದಂತಿದ್ದಿತು. ಅಲ್ಲಿದ್ದ ಅಲ್ಪಸಂಖ್ಯೆಯ ಪಾಶ್ಚಾತ್ಯ ಸೈನಿಕರು ಶಸ್ತ್ರಬಲದಿಂದ ಅದನ್ನು ಕಾಯುವುದು ಅಸಾಧ್ಯವಾದುದರಿಂದ, ಅಲ್ಲಿ ಹಾರುವ ಮೊದಲನೆಯ ಗುಂಡಿಗೂ ಪರಮಾಣು ಬಾಂಬಿಗೂ ನಡುವೆ ಹೆಚ್ಚು ಮೆಟ್ಟಿಲುಗಳಿರಲಿಲ್ಲ. ಪಾಶ್ಚಾತ್ಯ ಸೈನ್ಯಗಳು ಆರು ತಿಂಗಳೊಳಗೆ ತೆರಳಬೇಕೆಂದು ಸೋವಿಯತ್ ನಾಯಕ ಕ್ರುಶ್ಚೇವ್ 1958ರ ನವೆಂಬರಿನಲ್ಲಿಯೇ ಗಡುವು ವಿಧಿಸಿದ್ದನು; 1961ರ ಜೂನಿನಲ್ಲಿ ವಿಯೆನ್ನಾದಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯೆದುರು ಅದೇ ಬೆದರಿಕೆಯನ್ನು ಪುನರುಚ್ಚರಿಸಿದನು.

ಇತ್ತ ಪೂರ್ವ ಜರ್ಮನಿಯು ಬರಿದಾಗುತ್ತಿದ್ದಿತು. 1949ರಿಂದಾಚೆಗೆ 25 ಲಕ್ಷಕ್ಕೂ ಮಿಕ್ಕ ಜನ, ಅದರಲ್ಲಿಯೂ ವೈದ್ಯರು, ಎಂಜಿನಿಯರರು, ಪ್ರಾಯದ ಕುಶಲ ಕೆಲಸಗಾರರು, ಪಶ್ಚಿಮಕ್ಕೆ ತೆರಳಿದ್ದರು. 1961ರ ಜುಲೈ ಒಂದೇ ತಿಂಗಳಲ್ಲಿ ಸುಮಾರು 30,000 ಮಂದಿ ಹೊರಟರು. ಅವರ ದಾರಿ ಬರ್ಲಿನ್ನಿನ ನೆಲದಡಿಯ ರೈಲಿನಷ್ಟೇ ಸುಲಭವಾಗಿದ್ದಿತು. ಈ ಸೋರಿಕೆಯನ್ನು ನಿಲ್ಲಿಸಲು ಮಾಸ್ಕೋಗೆ ಇದ್ದುದು ಎರಡು ಮಾರ್ಗ: ಪಶ್ಚಿಮ ಬರ್ಲಿನ್ನನ್ನು ನುಂಗುವುದು, ಇಲ್ಲವೆ ತನ್ನ ಪಾಲನ್ನು ಮುಚ್ಚಿಕೊಳ್ಳುವುದು. ಗೋಡೆಯೆದ್ದಿತೆಂದರೆ ಮೊದಲನೆಯದನ್ನು ಕೈಬಿಟ್ಟಂತೆಯೇ ಆಯಿತು. ಆಗಸ್ಟ್ 20ರಂದು 1,500 ಅಮೆರಿಕನ್ ಸೈನಿಕರು ಹೆದ್ದಾರಿಯಲ್ಲಿ ಪಶ್ಚಿಮ ಬರ್ಲಿನ್ನಿಗೆ ಬಂದು ಸೇರಿದಾಗ ಸೋವಿಯತ್ ಸೈನ್ಯವು ಅವರನ್ನು ತಡೆಯಲಿಲ್ಲ. ವಿಯೆನ್ನಾದಲ್ಲಿ ವರ್ಷಾಂತ್ಯಕ್ಕೆ ಇಟ್ಟಿದ್ದ ಗಡುವನ್ನೂ ಕ್ರುಶ್ಚೇವ್ ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡನು.

ವಿರೋಧ

ಯುದ್ಧ ಅಥವಾ ಮೌನ, ಇವೆರಡೇ ಮಾರ್ಗಗಳೆಂಬ ವಾದವನ್ನು ಬರ್ಲಿನ್ನಿನ ಇತಿಹಾಸವೇ ಸುಳ್ಳಾಗಿಸುತ್ತದೆ. 1948ರ ಜೂನಿನಲ್ಲಿ ಸ್ಟಾಲಿನ್ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿ ಇಪ್ಪತ್ತು ಲಕ್ಷ ಜನರನ್ನು ಉಪವಾಸಕ್ಕೆ ತಳ್ಳಲೆಳಸಿದಾಗ, ಪಶ್ಚಿಮವು ಗುಂಡು ಹಾರಿಸಲಿಲ್ಲ, ಶರಣಾಗಲೂ ಇಲ್ಲ. ಹದಿನೈದು ತಿಂಗಳಲ್ಲಿ 2,70,000ಕ್ಕೂ ಹೆಚ್ಚು ಹಾರಾಟಗಳಿಂದ ಹಿಟ್ಟು, ಹಾಲಿನ ಪುಡಿ, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲಿದ್ದಲನ್ನು ಹೊತ್ತು ತಂದಿಳಿಸಿತು. ಅಂದು ಕಾಪಾಡಿದುದು ತಮ್ಮ ಪಾಲಿನ ನೆಲವನ್ನು, 1961ರಲ್ಲಾದರೋ ಅನ್ಯರ ಪಾಲಿನೊಳಗೆ ನುಗ್ಗಬೇಕಾಗುತ್ತಿದ್ದಿತು ಎಂಬ ಆಕ್ಷೇಪಕ್ಕೆ ತೂಕವಿದೆ; ಅದನ್ನು ಒಪ್ಪುತ್ತೇನೆ. ಆದರೆ ನಾಲ್ವರ ಒಡೆತನದ ನಗರದಲ್ಲಿ ಒಂದು ಪಾಲು ಪೂರ್ತಿಯಾಗಿ ಅನ್ಯರದೇ ಎಂದು ಪಶ್ಚಿಮವು ವಿಧಿವತ್ತಾಗಿ ಒಪ್ಪಿರಲಿಲ್ಲ. ಗೋಡೆ ಕಟ್ಟುವ ಉದ್ದೇಶ ಯಾರಿಗೂ ಇಲ್ಲವೆಂದು ಪೂರ್ವ ಜರ್ಮನಿಯ ನಾಯಕ ಉಲ್‌ಬ್ರಿಖ್ತ್ 1961ರ ಜೂನ್ 15ರಂದು ಪತ್ರಕರ್ತರಿಗೆ ಹೇಳಿದ್ದನು. ಆ ಮಾತು ಮುರಿದಾಗ, ಮುಳ್ಳುತಂತಿಯಿನ್ನೂ ಗೋಡೆಯಾಗದಿದ್ದ ಆ ದಿನಗಳಲ್ಲಿ, ಅಮೆರಿಕದ ಪ್ರತಿಭಟನೆ ಮಾಸ್ಕೋ ತಲುಪಲು ನಾಲ್ಕು ದಿನ ಹಿಡಿಯಿತು. ಪಶ್ಚಿಮ ಬರ್ಲಿನ್ನಿನ ಮೇಯರ್ ವಿಲ್ಲಿ ಬ್ರಾಂಟ್ ನೊಂದು ಕೆನೆಡಿಗೆ ಪತ್ರ ಬರೆದುದು ಈ ಅವಧಿಯಲ್ಲಿಯೇ.

ಬೆರ್ನೌವರ್ ಬೀದಿಯಲ್ಲಿ ಮನೆಗಳು ಪೂರ್ವಕ್ಕೂ ಕಾಲುದಾರಿ ಪಶ್ಚಿಮಕ್ಕೂ ಸೇರಿದ್ದುವು. ಅಲ್ಲಿ ಬಾಗಿಲುಗಳಿಗೆ ಇಟ್ಟಿಗೆಯಿಟ್ಟು ಮುಚ್ಚಿದ ಮೇಲೆ ಜನ ಕಿಟಕಿಗಳಿಂದ ಧುಮುಕಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತಿದ್ದರು, ಎಲ್ಲರೂ ಬಲೆಗೆ ಬೀಳಲಿಲ್ಲ. ಗೋಡೆಯಿದ್ದ ಇಪ್ಪತ್ತೆಂಟು ವರ್ಷಗಳಲ್ಲಿ ಅದರ ಬುಡದಲ್ಲಿ ಕನಿಷ್ಠ 140 ಮಂದಿ ಪ್ರಾಣ ನೀಗಿದರು. ಉಳಿದ ಶಾಂತಿಯ ಲೆಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆಯತಕ್ಕದ್ದು.

ಬಲಪ್ರದರ್ಶನವು ಅಪಾಯಕರವಾದುದರಿಂದಲೇ ಮೌನ ವಹಿಸಿದರೆಂಬುದೂ ಪೂರ್ಣ ನಿಜವಲ್ಲ. ಅದೇ ಅಕ್ಟೋಬರಿನಲ್ಲಿ ಪೂರ್ವ ಬರ್ಲಿನ್ನಿಗೆ ಸಂಗೀತನಾಟಕ ನೋಡಲು ಹೊರಟ ಅಮೆರಿಕದ ಅಧಿಕಾರಿಯೊಬ್ಬರನ್ನು ಪೂರ್ವ ಜರ್ಮನಿಯ ಪೊಲೀಸರು ತಡೆದು ಗುರುತಿನ ಪತ್ರ ಕೇಳಿದರು. ಪತ್ರ ತೋರಿಸದೆ ಹೋಗಿಬರುವ ಹಕ್ಕಿಗಾಗಿ ಅಮೆರಿಕದ ಜನರಲ್ ಕ್ಲೇ ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿದಾಟಿಗೆ ಟ್ಯಾಂಕುಗಳನ್ನು ಕರೆತಂದನು. ಎದುರಿಗೆ ಸೋವಿಯತ್ ಟ್ಯಾಂಕುಗಳು ಬಂದುವು. ಸುಮಾರು 16 ಗಂಟೆಗಳ ಕಾಲ ಎರಡು ಮಹಾಶಕ್ತಿಗಳ ತೋಪುಗಳು ಒಂದು ಬೀದಿಯಷ್ಟು ಅಂತರದಲ್ಲಿ ಪರಸ್ಪರ ಗುರಿಯಿಟ್ಟು ನಿಂತುವು. ಎರಡು ತಿಂಗಳ ಹಿಂದೆ, ಮನೆಯ ಕಿಟಕಿಯಿಂದ ಬೀದಿಗಿಳಿಯಲೆಳಸಿದ ಬರ್ಲಿನ್ನಿನ ಹೆಂಗಸರಿಗಾಗಿ ಒಂದು ಟ್ಯಾಂಕೂ ಮುಂದೆ ಬಂದಿರಲಿಲ್ಲ.