ಮಾರಿದ ಸೀರೆಗೆ ಇನ್ನೂ ಜಾಹೀರಾತು ಯಾಕೆ?

ಮೊನ್ನೆ ಇಳಕಲ್ ಕಡೆಯ ಒಂದು ನೇಕಾರರ ಮನೆಗೆ ಹೋಗಿದ್ದೆ. ಅಪ್ಪ ಕುಣಿಮಗ್ಗದಲ್ಲಿ ಕೂತಿದ್ದರು. ಡಿಗ್ರಿ ಮುಗಿಸಿದ ಮಗಳು ಫೋನಿನಲ್ಲಿ ಬೆಂಗಳೂರಿನ ಗಿರಾಕಿಯೊಬ್ಬರಿಗೆ ಸಮಾಧಾನ ಹೇಳುತ್ತಿದ್ದಳು. ಅವರು ಜಾಹೀರಾತು ನೋಡಿ, ಒಂದು ಸೀರೆ ಮೆಚ್ಚಿ, ದುಡ್ಡು ಹಾಕಿದ್ದರು. ಆದರೆ ಆ ಸೀರೆ ಎರಡು ವಾರದ ಹಿಂದೆಯೇ ಬೇರೆಯವರ ಕೈ ಸೇರಿತ್ತು.

"ಮಾರಿದ ಸೀರಿ ಇನ್ನೂ ಫೋನಿನ್ಯಾಗ ತೋರಸಾಕತ್ತೈತ್ರಿ ಅಣ್ಣಾರ. ನಾ ಏನೂ ಹಾಕಿಲ್ಲ, ಅದು ತಾನ ಹಾಕ್ಕೊಂತೈತಿ," ಎಂದಳು.

"ಅದು ತಾನ ಹಾಕ್ಕೊಂತೈತಿ" ಎಂಬ ಮಾತು ಈಗ ಬಹಳ ಕಡೆ ಕೇಳುತ್ತಿದೆ. ಅದು ಏನು, ಹೇಗೆ ಎಂದು ಮೊದಲು ತಿಳಿದುಕೊಳ್ಳೋಣ.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನಮ್ಮ ಸಾಮಾನುಗಳ ಜಾಹೀರಾತು ಹೀಗೆ ತಾನಾಗಿ ಬರಲು ಕ್ಯಾಟಲಾಗ್ ಬೇಕು. ಅಂದರೆ ಸಾಮಾನಿನ ಪಟ್ಟಿ: ಹೆಸರು, ಫೋಟೊ, ದರ, ಸ್ಟಾಕ್ ಇದೆಯೋ ಇಲ್ಲವೋ ಎಂಬ ವಿವರ. ಇದನ್ನು ತುಂಬಲು ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಒಂದೊಂದನ್ನೇ ಕೈಯಾರೆ ಹಾಕುವುದು. ಎರಡು, ಗೂಗಲ್ ಶೀಟ್‌ನಂಥ ಪಟ್ಟಿ ಮಾಡಿ ಅದರ ಲಿಂಕ್ ಕೊಡುವುದು. ಮೂರು, ನಮ್ಮ ವೆಬ್‌ಸೈಟಿನಲ್ಲಿ ಪಿಕ್ಸೆಲ್ ಎಂಬ ಸಣ್ಣ ಕೋಡ್ ಇಡುವುದು. ಯಾರಾದರೂ ಒಂದು ಸೀರೆಯ ಪುಟ ತೆರೆದರೆ ಸಾಕು, ಪಿಕ್ಸೆಲ್ ಆ ಪುಟದಲ್ಲಿ ಬರೆದದ್ದನ್ನು ಓದಿ ಸೀರೆಯನ್ನು ಕ್ಯಾಟಲಾಗಿಗೆ ಸೇರಿಸುತ್ತದೆ.

ಈ ಮನೆಯಲ್ಲಿದ್ದದ್ದು ಮೂರನೆಯ ದಾರಿ. ವೆಬ್‌ಸೈಟ್ ಮಾಡಿಕೊಟ್ಟವರು ಪಿಕ್ಸೆಲ್ ಹಾಕಿ ಹೋಗಿದ್ದರು. ಸೀರೆ ಮಾರಿದ ಮೇಲೆ ಪುಟದಲ್ಲಿ 'ಸ್ಟಾಕ್ ಇಲ್ಲ' ಎಂದು ಬದಲಿಸಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಪುಟ 'ಇದೆ' ಎನ್ನುತ್ತಿತ್ತು. ಪಿಕ್ಸೆಲ್ ಅದನ್ನೇ ಓದಿತು. ಜಾಹೀರಾತು ಅದನ್ನೇ ಸಾರಿತು.

ದೊಡ್ಡ ಅಂಗಡಿಗೆ ಇದರಿಂದ ಅಂಥ ತೊಂದರೆಯಿಲ್ಲ. ಒಂದೇ ನಮೂನೆಯ ನೂರಾರು ಸೀರೆ ಅವರ ಗೋದಾಮಿನಲ್ಲಿರುತ್ತವೆ. ಕೈಮಗ್ಗದವರ ಲೆಕ್ಕವೇ ಬೇರೆ. ಆ ಬಣ್ಣದ ಮೈ, ಆ ದಡಿ, ಆ ಸೆರಗು ಕೂಡಿದ ಸೀರೆ ಮನೆಯಲ್ಲಿ ಒಂದೇ ಇರುತ್ತದೆ. ಅದು ಹೋದರೆ ಮತ್ತೊಂದಕ್ಕೆ ಹಾಸು ಹೂಡಬೇಕು.

ಸ್ಟಾಕಿನದು ಒಂದು ತೊಂದರೆಯಾದರೆ ಹೆಸರಿನದು ಇನ್ನೂ ದೊಡ್ಡದು. ಅವಳ ಕ್ಯಾಟಲಾಗ್ ತೆರೆಸಿ ನೋಡಿದೆ. ಹತ್ತಾರು ಸೀರೆಗಳಿಗೂ ಒಂದೇ ಹೆಸರು: 'ಅಪ್ಪಟ ರೇಷ್ಮೆ ಇಳಕಲ್ ಸೀರೆ'. ವೆಬ್‌ಸೈಟ್ ಮಾಡಿದವರು ಮೊದಲ ಸೀರೆಯ ಪುಟವನ್ನೇ ಕಾಪಿ ಮಾಡಿ, ಫೋಟೊ ಮತ್ತು ದರ ಮಾತ್ರ ಬದಲಿಸಿದ್ದರು. ಅದರಲ್ಲಿ ಹತ್ತಿಯ ಮೈಗೆ ರೇಷ್ಮೆ ಸೆರಗು ಇರುವ ಸೀರೆಗಳೂ ಇದ್ದವು. ಇಳಕಲ್ ಸೀರೆಯ ಹೆಚ್ಚುಗಾರಿಕೆಯೇ ಅಲ್ಲಿದೆ. ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಮಾತು ಕ್ಯಾಟಲಾಗಿನಲ್ಲಿ ಎಲ್ಲೂ ಇರಲಿಲ್ಲ. ಇಲ್ಲದ ಅಪ್ಪಟ ರೇಷ್ಮೆ ಇತ್ತು.

ಇದು ಬರೀ ತಪ್ಪು ಸ್ಪೆಲ್ಲಿಂಗಿನಂಥ ವಿಷಯವಲ್ಲ. ಹತ್ತಿಯನ್ನು ರೇಷ್ಮೆ ಎಂದು ಮಾರಿದರೆ ಗಿರಾಕಿಯ ಕಣ್ಣಲ್ಲಿ ಅದು ಮೋಸ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ. ಪವರ್‌ಲೂಮ್ ನಕಲು ಸೀರೆಗಳ ಎದುರು ನಮ್ಮ ನೇಕಾರರಿಗೆ ಉಳಿದಿರುವ ಬಲವೇ ಆ ಹೆಸರು. ಅದನ್ನು ನಾವೇ ಹೀಗೆ ಸಡಿಲ ಬಿಟ್ಟರೆ ನಕಲಿಯವರನ್ನು ಯಾವ ಬಾಯಲ್ಲಿ ಕೇಳುವುದು?

ಹಾಗಾದರೆ ಈ ಯಂತ್ರದ ಸಹವಾಸವೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಹುಡುಗಿ ಬೆಳಿಗ್ಗೆ ಅಡುಗೆ ಮಾಡಿ, ಅಪ್ಪನಿಗೆ ಕಂಡಿಕೆ ಸುತ್ತಿಕೊಟ್ಟು, ಆಮೇಲೆ ಫೋನ್ ಹಿಡಿಯುತ್ತಾಳೆ. ಪ್ರತಿ ಸೀರೆಯ ವಿವರವನ್ನೂ ವೆಬ್‌ಸೈಟಿಗೊಮ್ಮೆ, ಕ್ಯಾಟಲಾಗಿಗೊಮ್ಮೆ ಟೈಪ್ ಮಾಡು ಎಂದರೆ ಅವಳು ಸೋತುಹೋಗುತ್ತಾಳೆ. ಮಾಲೀಕರಿಂದ ನೂಲು ತಂದು ಕೂಲಿಗೆ ನೇಯುವ ಮನೆಗಳೇ ಹೆಚ್ಚಿರುವ ಕಡೆ, ಗಿರಾಕಿಗೆ ನೇರವಾಗಿ ಮಾರಲು ಒಂದು ದಾರಿ ಸಿಕ್ಕಿದೆ. ಅದನ್ನು ಬಿಡಬಾರದು. ಆದರೆ ಯಂತ್ರಕ್ಕೆ ಏನು ಒಪ್ಪಿಸಬೇಕು, ಏನು ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನು ನಾವು ತೀರ್ಮಾನಿಸಬೇಕು.

ಮೊದಲನೆಯದು, ಒಂದೊಂದೇ ಇರುವ ಸೀರೆಗೆ ಪಿಕ್ಸೆಲ್‌ಗಿಂತ ಗೂಗಲ್ ಶೀಟ್ ವಾಸಿ. ಒಂದು ಸೀರೆಗೆ ಒಂದು ಸಾಲು, ಒಂದು ನಂಬರ್. ಮಾರಿದ ಕೂಡಲೇ ಆ ಸಾಲಿನಲ್ಲಿ ಸ್ಟಾಕ್ ಇಲ್ಲವೆಂದು ಬದಲಿಸಿ. ಶೀಟನ್ನು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಓದುವಂತೆ ಕ್ಯಾಟಲಾಗಿನಲ್ಲಿ ಹೊಂದಿಸಬಹುದು. ವೆಬ್‌ಸೈಟಿನ ಪುಟದಲ್ಲೂ ಅದೇ ಹೊತ್ತಿಗೆ ಬದಲಿಸಿ, ಇಲ್ಲವಾದರೆ ಅಲ್ಲಿ ದುಡ್ಡು ಬರುತ್ತಲೇ ಇರುತ್ತದೆ. ಒಂದೇ ನಮೂನೆ ಹಲವು ಇರುವ ಸಾಮಾನಿಗೆ, ಉದಾಹರಣೆಗೆ ಗುಳೇದಗುಡ್ಡದ ಖಣಕ್ಕೆ, ಪಿಕ್ಸೆಲ್ ಸಾಕು.

ಎರಡನೆಯದು, ಹೆಸರು ಮತ್ತು ವಿವರ ಮನೆಯವರೇ ಬರೆಯಲಿ. ಮೈ ಯಾವ ನೂಲು, ಸೆರಗು ಯಾವ ನೂಲು, ದಡಿ ಯಾವುದು, ಕೈಮಗ್ಗವೋ ಅಲ್ಲವೋ, ಈ ನಾಲ್ಕು ಮಾತು ಸಾಕು. ನೇಯ್ದವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ಮೂರನೆಯದು, ಖಾತೆ ನಿಮ್ಮ ಹೆಸರಲ್ಲಿರಲಿ. ಈ ಮನೆಯ ಕ್ಯಾಟಲಾಗ್ ಇದ್ದದ್ದು ವೆಬ್‌ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿ. ಹೆಸರು ತಿದ್ದಬೇಕೆಂದರೂ ಅವರಿಗೇ ಫೋನ್ ಮಾಡಬೇಕು, ಅವರು ಎತ್ತುವುದಿಲ್ಲ. ಬೇರೆಯವರು ಕೆಲಸ ಮಾಡಿಕೊಡಲಿ, ಅವರಿಗೆ ಬೇಕಾದಷ್ಟೇ ಅನುಮತಿ ಕೊಡಿ. ಮನೆ ಕಟ್ಟಿದ ಮೇಸ್ತ್ರಿಯ ಕೈಗೆ ಮನೆಯ ಪತ್ರ ಕೊಡುತ್ತೇವೆಯೇ?

ಇದನ್ನೆಲ್ಲ ಕಲಿಸುವವರು ಯಾರು? ನೇಕಾರರಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಆನ್‌ಲೈನ್ ಮಾರಾಟದ ತರಬೇತಿ ಎಂದರೆ ಫೋಟೊ ತೆಗೆಯುವುದು, ರೀಲ್ಸ್ ಮಾಡುವುದು ಎಂದಷ್ಟೇ ಆಗಬಾರದು. ಪಟ್ಟಿ ಇಡುವುದನ್ನು, ಮಾರಿದ್ದನ್ನು ತೆಗೆಯುವುದನ್ನು, ಖಾತೆಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳುವುದನ್ನೂ ಕಲಿಸಬೇಕು. ಕೈಮಗ್ಗ ಮತ್ತು ಜವಳಿ ಇಲಾಖೆ ಇದಕ್ಕೆ ಒಂದು ದಿನ ಕೊಟ್ಟರೂ ಸಾಕು.

ಅಲ್ಲಿಯವರೆಗೆ ನಿಮ್ಮಲ್ಲಿ ಯಾರದಾದರೂ ಕ್ಯಾಟಲಾಗ್ ಇದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಒಮ್ಮೆ ತೆರೆದು ನೋಡಿ. ಮಾರಿದ ಸಾಮಾನು ಎಷ್ಟಿವೆ, ಸುಳ್ಳು ಹೆಸರು ಎಷ್ಟಿವೆ ಎಣಿಸಿ. ಆ ಬೆಂಗಳೂರಿನ ಗಿರಾಕಿಗೆ ದುಡ್ಡು ವಾಪಸ್ ಹೋಯಿತು. ಅವರು ಇನ್ನೊಮ್ಮೆ ಈ ಮನೆಯಿಂದ ಸೀರೆ ತರಿಸುತ್ತಾರೆಯೇ ಎಂದು ಕೇಳಿದರೆ, ಹುಡುಗಿ ಸುಮ್ಮನೆ ತಲೆ ಅಲ್ಲಾಡಿಸಿದಳು.