ಮನೆಯ ನಾಣ್ಯಗಳು ಯಾರ ಪಾಲು?

ಗದ್ದೆ, ತೋಟ, ಹಿತ್ತಾಳೆ ಪಾತ್ರೆಗಳನ್ನು ಭಾಗ ಮಾಡುವ ಹಿರಿಯರು ಹಳೆಯ ನಾಣ್ಯಗಳ ಪೆಟ್ಟಿಗೆಯನ್ನೂ ಅದೇ ತಕ್ಕಡಿಗೆ ಹಾಕುವ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಚಿನ್ನದ್ದಿದ್ದರೆ ಹಿರಿಯ ಮಗನಿಗೆ, ಬೆಳ್ಳಿ ರೂಪಾಯಿಗಳು ಎಣಿಸಿ ಎಲ್ಲರಿಗೂ, ತಾಮ್ರದ್ದು ಮಕ್ಕಳ ಆಟಕ್ಕೆ. ವಿಕ್ಟೋರಿಯಾ ರೂಪಾಯಿಯಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ ಇದೆಯೆಂಬ ಒಂದೇ ವಿಷಯ ಪಾಲುದಾರರಿಗೆ ಗೊತ್ತಿರುತ್ತದೆ. ಹೀಗೆ ಹಂಚಿಹೋದ ಸಂಗ್ರಹ ಒಂದು ತಲೆಮಾರಿನೊಳಗೆ ಅಕ್ಕಸಾಲಿಗನ ಮೂಸೆ ಸೇರುತ್ತದೆ, ಇಲ್ಲವೇ ಕೊಂಡಿ ಬೆಸೆಸಿಕೊಂಡು ಕಾಸಿನ ಸರವಾಗುತ್ತದೆ. ಇದನ್ನು ನ್ಯಾಯವಾದ ಹಂಚಿಕೆಯೆಂದು ನಾನು ಒಪ್ಪಲಾರೆ.

ನುಗ್ಗೇಹಳ್ಳಿಯವರಾದ ನಮಗಾದರೂ ಇದು ತಿಳಿಯಬೇಕಿತ್ತು. ವಿಜಯಸೋಮನಾಥಪುರವೆಂಬ ಅಗ್ರಹಾರವಾಗಿದ್ದ ಈ ಊರಿನಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವನ್ನು ಬಂದವರಿಗೆಲ್ಲ ತೋರಿಸುತ್ತೇವೆ. ಬೈಚೋಜ, ಮಲ್ಲಿತಮ್ಮರ ಕೈಚಳಕವನ್ನು ಕೊಂಡಾಡುತ್ತೇವೆ. ಆ ಕಾಲದ ಶಾಸನಗಳು ದತ್ತಿಯನ್ನೂ ತೆರಿಗೆಯನ್ನೂ ಲೆಕ್ಕಹಾಕಿದ್ದು ಗದ್ಯಾಣ, ಪಣ, ಹಾಗ, ವೀಸಗಳಲ್ಲಿ. ಹಾಗವೆಂದರೆ ಪಣದ ಕಾಲುಭಾಗ, ವೀಸವೆಂದರೆ ಹದಿನಾರರಲ್ಲೊಂದು. ತರಗತಿಯಲ್ಲಿ ಶಾಸನಗಳನ್ನು ಪಾಠ ಮಾಡುವ ಕನ್ನಡ ಅಧ್ಯಾಪಕ ವರ್ಗ ಈ ಪದಗಳಿಗೆ ಅರ್ಥ ಬರೆಸಿ ಮುಂದಿನ ಸಾಲಿಗೆ ಹೋಗುತ್ತದೆ. ವಿದ್ಯಾರ್ಥಿಯ ಅಂಗೈ ಮೇಲೆ ಒಂದು ನಾಣ್ಯವನ್ನಿಟ್ಟು ಓದಿಸುವವರು ವಿರಳ. ಚೋಳರಿಂದ ತಲಕಾಡನ್ನು ಗೆದ್ದ ಗಂಗರಾಜನ ಪರಾಕ್ರಮವನ್ನು ಶ್ರವಣಬೆಳಗೊಳದ ಶಾಸನಗಳು ವಿಸ್ತಾರವಾಗಿ ವರ್ಣಿಸುತ್ತವೆ. ಅದೇ ಗೆಲುವು ಅರಸನ ಬಿರುದಾಗಿ, ವಿಷ್ಣುವರ್ಧನನ ಹೊನ್ನಿನ ಮೇಲೆ, ಬೆರಳ ತುದಿಯಷ್ಟು ಜಾಗದಲ್ಲಿ, ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಅಚ್ಚಾಗಿದೆ. ಕಲ್ಲನ್ನು ಓದಿ ಲೋಹವನ್ನು ಬಿಟ್ಟರೆ ಅದೆಂಥ ಶಾಸನಾಧ್ಯಯನ?

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂತಹ ಹೊನ್ನೇನೂ ಇಲ್ಲ. ತಾತ ಕೂಡಿಸಿದ್ದು ಟಿಪ್ಪುವಿನ ಆನೆ ಗುರುತಿನ ತಾಮ್ರದ ದುಡ್ಡುಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ‘ಮಯಿಲಿ ಕಾಸು’ಗಳು, ಒಂದಿಷ್ಟು ರೂಪಾಯಿಗಳು. ತಂದೆಯವರು ಸೇರಿಸಿದ್ದು 1957ರ ಏಪ್ರಿಲ್‌ನಲ್ಲಿ ಚಲಾವಣೆಗೆ ಬಂದ ನಯಾಪೈಸೆಗಳು. ಪೇಟೆಯ ವ್ಯಾಪಾರಿ ಕಣ್ಣೆತ್ತಿ ನೋಡುವ ಸರಕಲ್ಲ. ಆದರೆ ಪ್ರತಿ ಪೊಟ್ಟಣದೊಳಗೂ ತಾತನ ಕೈಬರಹದ ಒಂದು ಚೀಟಿಯಿದೆ: ಯಾವ ಸಂತೆಯಲ್ಲಿ, ಯಾರಿಂದ, ಎಷ್ಟು ಕೊಟ್ಟು, ಯಾವ ವರ್ಷ. ನನ್ನ ಮಟ್ಟಿಗೆ ಪಿತ್ರಾರ್ಜಿತವೆಂದರೆ ಆ ಚೀಟಿಗಳು.

ಏಕೆಂದರೆ ಸಿಕ್ಕ ಜಾಗ ತಿಳಿಯದ ನಾಣ್ಯ ತನ್ನನ್ನು ಅಚ್ಚು ಹಾಕಿಸಿದವನ ಹೆಸರನ್ನಷ್ಟೇ ಹೇಳೀತು. ಬಳಸಿದವರ ಕತೆಯನ್ನು ಹೇಳದು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನರ ಬೆಳ್ಳಿಯ ದಿನಾರಗಳೂ ದೊರೆತವು. ಅವು ಆ ಮಣ್ಣಿನಲ್ಲೇ ದೊರೆತುದರಿಂದ ನೆಲೆಯ ಕಾಲವನ್ನು ನಿರ್ಣಯಿಸಲು, ಸಾಗರದಾಚೆಯ ವ್ಯಾಪಾರವನ್ನು ಕುರಿತು ಮಾತನಾಡಲು ಸಾಧ್ಯವಾಯಿತು. ಅದೇ ದಿನಾರ ಯಾರದೋ ಬೆಲ್ವೆಟ್ ಪೆಟ್ಟಿಗೆಯಲ್ಲಿದ್ದಿದ್ದರೆ ಬರಿಯ ಬೆಳ್ಳಿ.

ಸಂಗ್ರಹವನ್ನು ‘ಬೆಳೆಸುತ್ತೇವೆ’ ಎನ್ನುವ ಉತ್ಸಾಹಿಗಳ ಮೇಲೆ ನನ್ನ ಆಕ್ಷೇಪ ಇನ್ನೂ ಕಠಿಣವಾದದ್ದು. ಮೂಲ ಕೇಳದೆ ಹೊಯ್ಸಳರ ಹೊನ್ನನ್ನು ಕೊಳ್ಳುವವನು ಯಾರಿಗೆ ಹಣ ಕೊಡುತ್ತಿದ್ದಾನೆ? ರಾತ್ರೋರಾತ್ರಿ ಪಾಳುಗುಡಿಯ ಗರ್ಭಗೃಹ ಅಗೆಯುವ, ವೀರಗಲ್ಲು ಉರುಳಿಸುವ ನಿಧಿಗಳ್ಳನಿಗೆ ಅಂಥ ಗಿರಾಕಿಯೇ ಧೈರ್ಯ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು ಈ ದೇಶದಲ್ಲಿ 1878ರಿಂದಲೂ ಇದೆ. ತಿಳಿಯದೆಂದು ನಟಿಸುವ ಸಂಗ್ರಾಹಕರಿಗೆ ಬೆಲೆಪಟ್ಟಿ ಮಾತ್ರ ಕಂಠಪಾಠ! ಇನ್ನು 1818ನೆಯ ಇಸವಿಯ, ಕಂಪನಿಯ ಹೆಸರಿನ, ರಾಮಪರಿವಾರದ ಚಿತ್ರವಿರುವ ‘ಅರ್ಧ ಆಣೆ’ಗೆ ಸಾವಿರಾರು ರೂಪಾಯಿ ತೆರುವವರಿದ್ದಾರೆ. ಈಸ್ಟ್ ಇಂಡಿಯಾ ಕಂಪನಿ ಅಂತಹ ನಾಣ್ಯವನ್ನು ಹೊರಡಿಸಲೇ ಇಲ್ಲ. ದೇವರ ಮನೆಯಲ್ಲಿಡಲು ರಾಮಟಂಕಿಯಂತೆ ಅದೂ ಇರಲಿ, ಇತಿಹಾಸದ ಪೆಟ್ಟಿಗೆಯಲ್ಲಿ ಬೇಡ.

ಹುಣಸೆಹಣ್ಣಿನ ಮಾತನ್ನೂ ಹೇಳಿಬಿಡುತ್ತೇನೆ. ಲಕ್ಷ್ಮೀಪೂಜೆಗೆಂದು ತಾಮ್ರದ ಕಾಸುಗಳನ್ನು ವರ್ಷವರ್ಷವೂ ತಿಕ್ಕಿ ಫಳಫಳಿಸುವ ಮನೆಗಳಲ್ಲಿ ಅಕ್ಷರಗಳು ಸವೆದು ಬಿಲ್ಲೆ ಮಾತ್ರ ಉಳಿದಿರುವುದನ್ನು ಕಂಡಿದ್ದೇನೆ. ಪೂಜೆಗೆ ಇಂದಿನ ರೂಪಾಯಿ ಸಾಲದೇ?

ಹಾಗಾದರೆ ಎಲ್ಲವನ್ನೂ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡಿ ಎನ್ನುವ ವಿದ್ವಾಂಸರಿದ್ದಾರೆ. ಅಪರೂಪದವನ್ನು ಕೊಡಬೇಕು, ನಿಜ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಅವರ ಮನೆಯೇ ನಾಣ್ಯ ಸಂಗ್ರಹಾಲಯವಾದದ್ದು ಅನುಕರಣೀಯ. ಆದರೆ ಸವೆದ ಮಯಿಲಿ ಕಾಸಿನ ನೂರನೆಯ ಪ್ರತಿ ಅಲ್ಲಿ ಚೀಲದೊಳಗೆ ಮಲಗುತ್ತದೆ. ಊರಿನ ಮನೆಯಲ್ಲಿ, ಚೀಟಿಯ ಸಮೇತ, ಅದು ಯಾವ ಸಂತೆಗೆ ಯಾವ ದುಡ್ಡು ಬರುತ್ತಿತ್ತೆಂದು ಹೇಳುತ್ತಲೇ ಇರುತ್ತದೆ.

ನನ್ನ ಒತ್ತಾಯ ಇಷ್ಟೇ. ಪೆಟ್ಟಿಗೆ ಒಬ್ಬರ ವಶದಲ್ಲಿರಲಿ, ಅದು ಹೆಣ್ಣುಮಗಳಾದರೂ ಸರಿ. ತೂಕ, ಅಳತೆ, ಎರಡೂ ಮುಖಗಳ ಚಿತ್ರ, ಬಂದ ದಾರಿ ಇವುಗಳ ದಫ್ತರವೊಂದಿರಲಿ. ಅದರ ಪ್ರತಿ ಎಲ್ಲ ಅಣ್ಣತಮ್ಮ, ಅಕ್ಕತಂಗಿಯರಿಗೂ ಸಿಗಲಿ. ಹೊಸದನ್ನು ಸೇರಿಸುವವರು ಮೊದಲು ದಫ್ತರದಲ್ಲಿ ಬರೆಯಲಿ, ಆಮೇಲೆ ಪೆಟ್ಟಿಗೆಗೆ ಹಾಕಲಿ. ಹೊರದೇಶದಲ್ಲಿ ನೆಲೆಸಿ ತನ್ನ ಪಾಲಿನ ನಾಣ್ಯ ಕೇಳುವ ಮಗನಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯನ್ನು ಓದಿ ಹೇಳಬೇಕಾಗುತ್ತದೆ: ನೂರು ವರ್ಷ ದಾಟಿದ ನಾಣ್ಯವನ್ನು ಅವನು ವಿಮಾನ ಹತ್ತಿಸುವಂತಿಲ್ಲ. ದಫ್ತರದ ಪ್ರತಿಯನ್ನು ಒಯ್ಯಬಹುದು.