ಪಂಚಗಂಗೆ ಕೆಟ್ಟಿತು, ದೂಧಗಂಗೆಗೆ ಜಗಳ ಬಂತು

ಇಚಲಕರಂಜಿ: ಊರ ಮಗ್ಗುಲಲ್ಲೇ ಹೊಳೆ. ಆದರೂ ಕುಡಿಯುವ ನೀರನ್ನು ಬೇರೆ ಹೊಳೆಯಿಂದ ತರಬೇಕು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಹೆಸರು ಮಾಡಿದ ಇಚಲಕರಂಜಿಯ ಪಾಡು ಇದು. ಮೊದಲು ಪಂಚಗಂಗೆಯ ನೀರು, ಅದು ಸಾಲದೆ ಶಿರೋಳ ತಾಲೂಕಿನ ಮಜರೇವಾಡಿಯಿಂದ ಕೃಷ್ಣೆಯ ನೀರು. ನಂತರ ವಾರಣೆಯ ಮೇಲೆ ಕಣ್ಣು ಬಿತ್ತು. 2018ರಲ್ಲಿ ದಾನೋಳಿಯ ಜನ ಅದನ್ನು ತಡೆದರು. 2022ರಲ್ಲಿ ಕಾಗಲ್ ತಾಲೂಕಿನ ಸುಳಕೂಡದಿಂದ ದೂಧಗಂಗೆಯ ನೀರು ತರುವ ಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಹೊಳೆಯ ಎರಡೂ ದಂಡೆಯಲ್ಲಿ ಸಭೆ, ಮೋರ್ಚಾಗಳು ನಡೆದಿವೆ.

ಈ ಜಗಳ ಗಡಿಯಾಚೆಗೂ ಸಂಬಂಧಿಸಿದ್ದು. ದೂಧಗಂಗೆ ಸುಳಕೂಡದಲ್ಲಿ ನಿಲ್ಲುವುದಿಲ್ಲ. ದತ್ತವಾಡ, ಮಲ್ಲಿಕವಾಡ, ಸದಲಗಾ, ಯಕ್ಸಂಬಾ ಭಾಗದ ಹೊಲಗಳಿಗೆ ನೀರುಣಿಸಿ ಕೃಷ್ಣೆಯನ್ನು ಸೇರುತ್ತದೆ. ಕಾಳಮ್ಮವಾಡಿ ಜಲಾಶಯ ಎರಡು ರಾಜ್ಯಗಳ ಯೋಜನೆ. ಅದರಲ್ಲಿ ಕರ್ನಾಟಕದ ಪಾಲು 4 ಟಿಎಂಸಿ. ಬೇಸಿಗೆಯಲ್ಲಿ ಬಾಂದಾರದ ಕೆಳಗೆ ಹೊಳೆ ಬತ್ತುವುದನ್ನು ಕಂಡ ರೈತನಿಗೆ ಮೇಲಿನ ಪ್ರತಿಯೊಂದು ಪೈಪೂ ಹೆದರಿಕೆ ಹುಟ್ಟಿಸುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಇಚಲಕರಂಜಿಯ ಓಣಿಗಳಲ್ಲಿ ನಳಕ್ಕೆ ನಾಲ್ಕೈದು ದಿನ ಕಾಯ್ದ ಹೆಂಗಸರ ಬೇಡಿಕೆಯೂ ಸುಳ್ಳಲ್ಲ. 2011ರ ಜನಗಣತಿಯಲ್ಲೇ ಆ ಊರಿನ ಜನಸಂಖ್ಯೆ 2.87 ಲಕ್ಷ ಇತ್ತು.

ಎರಡೂ ಕಡೆಯವರ ಮಾತು ಸರಿ ಎಂದಾದರೆ ತಪ್ಪು ಎಲ್ಲಿದೆ? ತಪ್ಪು ಇರುವುದು ಪಂಚಗಂಗೆಯಲ್ಲಿ.

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಹೊಳೆಗಳು ಪ್ರಯಾಗ ಚಿಖಲಿಯಲ್ಲಿ ಕೂಡಿ ಪಂಚಗಂಗೆ ಆಗುತ್ತದೆ. ಮುಂದೆ ಕೊಲ್ಲಾಪುರದ ಜಯಂತಿ ನಾಲೆ, ದುಧಾಳಿ ನಾಲೆಗಳ ಕೊಳಚೆ ಅದರ ಪಾಲಾಗುತ್ತ ಬಂದಿದೆ. ಕಸಬಾ ಬಾವಡಾದಲ್ಲಿ ದಿನಕ್ಕೆ 7.6 ಕೋಟಿ ಲೀಟರ್ ಕೊಳಚೆ ಶುದ್ಧ ಮಾಡುವ ಘಟಕ ಬಂದದ್ದು ತೀರಾ ಈಚೆಗೆ, 2014ರಲ್ಲಿ. ಇಚಲಕರಂಜಿಯಲ್ಲಿ ಬಣ್ಣ ಹಾಕುವ ಕಾರ್ಖಾನೆಗಳ ನೀರು, ಹಳ್ಳಿಗಳ ಗಟಾರು, ಕಬ್ಬಿನ ಗದ್ದೆಯಿಂದ ಹರಿದು ಬರುವ ಗೊಬ್ಬರದ ಅಂಶ ಎಲ್ಲವೂ ಸೇರುತ್ತವೆ. ತೇರವಾಡ ಬಾಂದಾರದಲ್ಲಿ ಮೀನು ಸತ್ತು ತೇಲುವುದು, ಹೊಳೆಯ ತುಂಬ ಜಲಪರ್ಣಿ ಹಬ್ಬುವುದು ಶಿರೋಳದವರಿಗೆ ಹೊಸದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿ ಮಾಡಿತು. ಅದರಲ್ಲಿ 53 ಮಹಾರಾಷ್ಟ್ರದವು, ಪಂಚಗಂಗೆಯೂ ಅವುಗಳಲ್ಲಿ ಒಂದು. ನರಸೋಬವಾಡಿಯಲ್ಲಿ ಈ ನೀರು ಕೃಷ್ಣೆಗೆ ಬಿದ್ದು, ರಾಜಾಪುರ ಬಾಂದಾರ ದಾಟಿ ಕರ್ನಾಟಕಕ್ಕೆ ಬರುತ್ತದೆ. ಹೊಳೆಗೆ ಗಡಿ ಗೊತ್ತಿಲ್ಲ, ಹೊಲಸಿಗೂ ಗೊತ್ತಿಲ್ಲ.

ಇದರ ಬೆಲೆ ತೆತ್ತವರು ಯಾರು ಎಂಬುದನ್ನು 2012 ತೋರಿಸಿಕೊಟ್ಟಿತು. ಆ ವರ್ಷ ಬೇಸಿಗೆಯ ಕೊನೆಗೆ ಇಚಲಕರಂಜಿಯಲ್ಲಿ ಕಾಮಾಲೆ ಹರಡಿತು. ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಆದವು. ಕಾರಣ ಹೆಪಟೈಟಿಸ್-ಇ ಎಂಬ ವೈರಾಣು. ಕೊಳಚೆ ಬೆರೆತ ಕುಡಿಯುವ ನೀರಿನಿಂದ ಇದು ಹರಡುತ್ತದೆ. ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು 2ರಿಂದ 10 ವಾರ ಹಿಡಿಯುತ್ತದೆ. ಆದ್ದರಿಂದ ರೋಗ ಕಂಡಾಗ ನೀರು ಪರೀಕ್ಷೆ ಮಾಡಿ ‘ಶುದ್ಧವಾಗಿದೆ’ ಎಂದರೆ ಅದು ಅರ್ಧ ಉತ್ತರ ಮಾತ್ರ.

ಈ ರೋಗ ಎಲ್ಲರನ್ನೂ ಒಂದೇ ರೀತಿ ಕಾಡುವುದಿಲ್ಲ. ಹೆಚ್ಚಿನವರು ಕೆಲ ವಾರಗಳಲ್ಲಿ ಗುಣವಾಗುತ್ತಾರೆ. ಆದರೆ ಏಳು ತಿಂಗಳು ತುಂಬಿದ ಬಸುರಿಗೆ ತಗುಲಿದರೆ 100ರಲ್ಲಿ 20ರಿಂದ 25 ಮಂದಿ ಸಾಯುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಳೆ ಕೆಡಿಸುವ ನಿರ್ಧಾರದಲ್ಲಿ ಪಾಲಿಲ್ಲದವಳೇ ಅದರ ಅತಿ ದೊಡ್ಡ ಬೆಲೆ ತೆರಬೇಕಾಗುತ್ತದೆ.

ನೀರು ತರುವ ದುಡಿತವೂ ಅವಳದೇ. ಮನೆಯಲ್ಲಿ ನೀರಿಲ್ಲದ 10 ಕುಟುಂಬಗಳಲ್ಲಿ 7ರಲ್ಲಿ ನೀರು ಹೊರುವವರು ಹೆಂಗಸರು, ಹುಡುಗಿಯರು ಎಂದು ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ತಿಳಿಸುತ್ತದೆ. ಕಬ್ಬಿನಲ್ಲಿ ಕಳೆ ತೆಗೆದು ಬಂದವಳು ಕೊಡ ಹಿಡಿಯುತ್ತಾಳೆ, ಎಮ್ಮೆಗೆ ನೀರು ಕುಡಿಸುತ್ತಾಳೆ, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುತ್ತಾಳೆ. ಈ ಕೆಲಸಕ್ಕೆ ಕೂಲಿ ಇಲ್ಲ, ಯಾವ ಯೋಜನೆಯ ಅಂದಾಜು ಪಟ್ಟಿಯಲ್ಲೂ ಅದರ ಲೆಕ್ಕವಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರ ಇಳಿದ ಮೇಲೆ ಕೆಸರು ತುಂಬಿದ ಮನೆಗಳಲ್ಲೂ ಮೊದಲು ಪೊರಕೆ ಹಿಡಿದವಳು ಅವಳೇ.

ಗಡಹಿಂಗ್ಲಜ ಭಾಗದವರು ಇದನ್ನು ದೂರದ ಸುದ್ದಿ ಎಂದುಕೊಳ್ಳುವಂತಿಲ್ಲ. ಅಲ್ಲಿಯ ಹಿರಣ್ಯಕೇಶಿ ಆಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಹರಿದು ಘಟಪ್ರಭೆಯನ್ನು ಕೂಡುತ್ತದೆ. ಮೇಲೆ ಮರಾಠಿ, ಕೆಳಗೆ ಕನ್ನಡ, ನಡುವೆ ಒಂದೇ ನೀರು. ಪಂಚಗಂಗೆಗೆ ಆದ ಗತಿ ಅದಕ್ಕೂ ಆಗಬಾರದು ಎಂದಿದ್ದರೆ ಊರಿನ ಗಟಾರು ಹೊಳೆಗೆ ಸೇರುವ ಮೊದಲೇ ಎಚ್ಚರವಾಗಬೇಕು. ಕೆಟ್ಟ ಹೊಳೆ ಸರಿಪಡಿಸುವುದಕ್ಕಿಂತ ಕೆಡದಂತೆ ಕಾಯುವುದು ಅಗ್ಗ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಪೈಪಿಗೆ ಹಣ ಇಡುವ ಸರ್ಕಾರ ಅದರ ಜೊತೆಗೇ ಪಂಚಗಂಗೆಯ ಶುದ್ಧೀಕರಣಕ್ಕೆ ದಿನಾಂಕ ಕಟ್ಟಬೇಕು. ಇಲ್ಲವಾದರೆ ಇಂದು ದೂಧಗಂಗೆ, ನಾಳೆ ಇನ್ನೊಂದು ಹೊಳೆ. ಎರಡು ರಾಜ್ಯಗಳ ಮಾಲಿನ್ಯ ಮಂಡಳಿಗಳು ರಾಜಾಪುರದ ಮೇಲೆ ಮತ್ತು ಕೆಳಗೆ ಒಂದೇ ದಿನ ನೀರು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡ, ಮರಾಠಿ ಎರಡರಲ್ಲೂ ಪಂಚಾಯಿತಿ ಫಲಕದ ಮೇಲೆ ಹಚ್ಚಬೇಕು.

ಹಳ್ಳಿ ಮಟ್ಟದಲ್ಲೂ ಒಂದು ದಾರಿ ಇದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ಕಿಟ್ ಮೂಲಕ ನೀರು ಪರೀಕ್ಷೆಯ ತರಬೇತಿ ಕೊಡಬೇಕು. ನೈಟ್ರೇಟ್, ಗಡಸುತನ, ಉಳಿದ ಕ್ಲೋರಿನ್, ಕೊಳಚೆಯ ಸೂಕ್ಷ್ಮಾಣುಗಳ ಸುಳಿವು ಇದರಿಂದ ಸಿಗುತ್ತದೆ. ಬಣ್ಣದ ರಾಸಾಯನಿಕ ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೂ ‘ಈ ಬಾವಿಯ ನೀರು ಬೇಡ’ ಎಂದು ಹೇಳಲು ಊರಿನ ಹೆಂಗಸರ ಕೈಯಲ್ಲಿ ಆಧಾರ ಇರುತ್ತದೆ. ಅಲ್ಲಿಯವರೆಗೆ ಬಸುರಿಯರಿರುವ ಮನೆಯಲ್ಲಿ ನೀರು ಕುದಿಸಿ ಕುಡಿಯುವುದೇ ಲೇಸು.

ಕರ್ನಾಟಕದಲ್ಲಿ 2010ರಿಂದ, ಮಹಾರಾಷ್ಟ್ರದಲ್ಲಿ 2011ರಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸುಳಕೂಡದ ಪರ ಒಂದು ಮೋರ್ಚಾ, ವಿರುದ್ಧ ಇನ್ನೊಂದು ಮೋರ್ಚಾ ಎಂದು ಹೆಂಗಸರನ್ನು ಎದುರುಬದುರು ನಿಲ್ಲಿಸುವುದು ರಾಜಕಾರಣಿಗಳಿಗೆ ಸುಲಭ. ಎರಡೂ ದಂಡೆಯ ಸದಸ್ಯೆಯರು ಒಂದೇ ಠರಾವು ಮಾಡಿ ‘ಮೊದಲು ಪಂಚಗಂಗೆ ತೊಳೆಯಿರಿ’ ಎಂದರೆ ಉತ್ತರ ಕೊಡುವುದು ಅವರಿಗೆ ಅಷ್ಟು ಸುಲಭವಾಗಲಿಕ್ಕಿಲ್ಲ.